ಐದು ಗಂಟೆಯ ಚೆಕಿಂಗ್

ಸಂಜೆ ನಾಲ್ಕೂವರೆ ದಾಟಿತೆಂದರೆ ನನ್ನ ಕಾಲು ಒಂದು ಕಡೆ ನಿಲ್ಲುವುದಿಲ್ಲ. ಒಣಗಿದ ಬಟ್ಟೆ ಮಡಿಸುತ್ತಿದ್ದರೂ, ಹಾಲು ಕಾಯಿಸುತ್ತಿದ್ದರೂ ಕಣ್ಣು ಗೋಡೆಯ ಗಡಿಯಾರದ ಮೇಲೆ, ಕಿವಿ ಮುಂದಿನ ಕೋಣೆಯಲ್ಲಿ ಕೂತ ತಾತನ ಮೇಲೆ. ಮಾರಿಕುಪ್ಪಂನಿಂದ ಬಂಗಾರಪೇಟೆಗೆ ಹೋಗುವ ಸಂಜೆಯ ರೈಲು ನನಗಾಗಿ ಕಾಯುವುದಿಲ್ಲ. ಅದು ತಪ್ಪಿದರೆ ಬಸ್ಸು ಹಿಡಿಯಬೇಕು. ಆ ಬಸ್ಸು ಬಂಗಾರಪೇಟೆ ಸೇರುವ ಹೊತ್ತಿಗೆ ಕಾಮಸಮುದ್ರದ ಕಡೆಗೆ ಹೋಗುವ ನಮ್ಮೂರ ಬಸ್ಸು ಹೊರಟುಹೋಗಿರುತ್ತದೆ. ಆಮೇಲೆ ಶೇರ್ ಆಟೋದಲ್ಲಿ ಒಂಬತ್ತು ಜನರ ನಡುವೆ ಹತ್ತನೆಯವಳಾಗಿ ತೂರಿಕೊಳ್ಳಬೇಕು. ಇಷ್ಟೆಲ್ಲ ಪಾಡು ತಪ್ಪಬೇಕಾದರೆ ನಾನು ಐದಕ್ಕೆ ಸರಿಯಾಗಿ ಆ ಮನೆಯ ಹೊಸ್ತಿಲು ದಾಟಬೇಕು. ದಾಟಲು ಬಿಡದವರು ಆ ತಾತ.

ನನ್ನನ್ನು ಹೋಮ್ ನರ್ಸ್ ಅನ್ನುತ್ತಾರೆ. ಅದು ಏಜೆನ್ಸಿಯವರು ಕೊಟ್ಟ ಹೆಸರು. ನರ್ಸಿಂಗ್ ಓದಿದವಳಲ್ಲ ನಾನು. ಹತ್ತು ದಿನ ಟ್ರೈನಿಂಗ್ ಅಂತ ಬಂಗಾರಪೇಟೆಯ ಒಂದು ಮಹಡಿಯ ಮೇಲೆ ಕೂರಿಸಿ, ಬಿ.ಪಿ. ನೋಡುವುದು, ಡೈಪರ್ ಹಾಕುವುದು, ಮಲಗಿದವರನ್ನು ಮಗ್ಗುಲು ತಿರುಗಿಸುವುದು ಇಷ್ಟು ಕಲಿಸಿದರು. ಮೊದಲು ಒಬ್ಬ ಅಜ್ಜಿಯನ್ನು ನೋಡಿಕೊಂಡೆ, ಅವರು ತೀರಿಕೊಂಡ ಮೇಲೆ ಈ ತಾತನ ಮನೆಗೆ ಕಳಿಸಿದರು. ಹಳೆಯ ಚಿನ್ನದ ಗಣಿಯ ಕ್ವಾರ್ಟರ್ಸಿನ ಸಾಲುಮನೆ. ತಾತನಿಗೆ ಮರೆವಿನ ಕಾಯಿಲೆ. ಮನೆಯಲ್ಲಿ ಇರುವವರು ಅವರೂ ಅವರ ಮಗಳೂ ಇಬ್ಬರೇ. ಮಗಳು ಶಾಲೆಯಲ್ಲಿ ಟೀಚರ್, ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು, ಅಕ್ಕ ಅನ್ನುತ್ತೇನೆ. ಅಕ್ಕ ಶಾಲೆಯಿಂದ ಬರುವುದು ಐದೂಕಾಲಿಗೆ. ನಾನು ಐದಕ್ಕೆ ಹೊರಟು ಗ್ರಿಲ್ ಬಾಗಿಲಿಗೆ ಚಿಲಕ ಹಾಕಿದರೆ, ಆ ಕಾಲು ಗಂಟೆ ಎದುರುಮನೆಯ ಮುದುಕಪ್ಪ ತಮ್ಮ ಜಗಲಿಯ ಮೇಲಿಂದ ಒಂದು ಕಣ್ಣಿಟ್ಟಿರುತ್ತಾರೆ. ಹೀಗಂತ ಮೊದಲೇ ಮಾತಾಗಿತ್ತು.

ಮೊದಲನೆಯ ದಿನ ತಾತ ಎಷ್ಟು ಸಾಧುವಾಗಿದ್ದರೆಂದರೆ, ನನ್ನ ಅದೃಷ್ಟ ಖುಲಾಯಿಸಿತು ಅಂದುಕೊಂಡೆ. ಮುದ್ದೆ ಮುರಿದು ಕೊಟ್ಟರೆ ನುಂಗಿದರು. "ಯಾರಮ್ಮಾ ನೀನು, ಯಾವೂರು?" ಅಂತ ಹತ್ತು ಸಲ ಕೇಳಿದರು, ಹತ್ತು ಸಲವೂ ಹೇಳಿದೆ. ಐದಕ್ಕೆ ಐದು ನಿಮಿಷ ಇದ್ದಾಗ ನಾನು ಬ್ಯಾಗು ಹೆಗಲಿಗೆ ಹಾಕಿಕೊಂಡೆ. ತಾತ ಕುರ್ಚಿಯಿಂದ ಎದ್ದರು. ಬೆಳಿಗ್ಗೆಯಿಂದ ಗೋಡೆ ಹಿಡಿದು ನಡೆದವರು ಬೆನ್ನು ನೆಟ್ಟಗೆ ಮಾಡಿ ಬಂದು ಬಾಗಿಲಿಗೆ ಅಡ್ಡ ನಿಂತುಬಿಟ್ಟರು.

"ಏಯ್, ನಿಲ್ಲು. ಕೈ ತೂಕ್ಕು."

ಗಣಿಯ ಕೂಲಿಗಳಲ್ಲಿ ಹೆಚ್ಚಿನವರು ತಮಿಳು ಮಾತಾಡುವವರು, ಹಾಗಾಗಿ ತಾತನ ಕೆಲಸದ ಮಾತೆಲ್ಲ ತಮಿಳು. ಕೈ ಎತ್ತು ಅಂದದ್ದು. ನಾನು ಸುಮ್ಮನೆ ನಕ್ಕೆ. ಅವರು ನಗಲಿಲ್ಲ. ನನ್ನ ಬ್ಯಾಗಿನೊಳಗೆ ಕೈ ಹಾಕಿದರು. ಟಿಫನ್ ಬಾಕ್ಸ್ ತೆಗೆದು ಮುಚ್ಚಳ ಬಿಚ್ಚಿ ಮೂಸಿದರು, ತಳವನ್ನು ಉಗುರಿನಿಂದ ಕೆರೆದು ನೋಡಿದರು. ಚಪ್ಪಲಿ ಬಿಚ್ಚಿಸಿ ಒಂದಕ್ಕೊಂದು ಬಡಿದರು. ಆಮೇಲೆ ಕೈ ನನ್ನ ತುರುಬಿಗೆ ಬಂತು. ನಾನು ಹಿಂದೆ ಸರಿದೆ. "ವಾಯ ತೊರ," ಅಂದರು. ಬಾಯಿ ತೆರೆ ಅಂತ. ನಾನು ಬಾಯಿ ತೆರೆಯಲಿಲ್ಲ, ಅವರು ಬಾಗಿಲು ಬಿಡಲಿಲ್ಲ. ಅಕ್ಕ ಬಂದು ಅವರನ್ನು ತೋಳು ಹಿಡಿದು ಸರಿಸುವವರೆಗೆ ನಿಂತೇ ಇದ್ದೆವು. ರೈಲು ಹೋಗಿತ್ತು.

ಅಕ್ಕ ಹೇಳಿದ ಮೇಲೆ ಗೊತ್ತಾಯಿತು. ತಾತ ಗಣಿ ಮುಚ್ಚುವವರೆಗೂ ಅಲ್ಲಿ ಗೇಟಿನ ವಾಚ್‌ಮನ್. ಪಾಳಿ ಮುಗಿಸಿ ಭೂಮಿಯೊಳಗಿಂದ ಮೇಲೆ ಬಂದ ಒಬ್ಬೊಬ್ಬ ಕೂಲಿಯನ್ನೂ ನಿಲ್ಲಿಸಿ, ಚಿನ್ನದ ಕಲ್ಲು ಏನಾದರೂ ಬಚ್ಚಿಟ್ಟಿದ್ದಾನೆಯೇ ಅಂತ ಮೈ ತಡವಿ ಬಿಡುವುದು ಅವರ ಕೆಲಸ. ತಲೆಗೂದಲು, ಕಂಕುಳು, ಊಟದ ಡಬ್ಬಿ, ನಾಲಿಗೆಯ ಅಡಿ ಎಲ್ಲ ನೋಡಬೇಕು. ಇದಕ್ಕೆ ಚೆಕಿಂಗ್ ಅನ್ನುತ್ತಿದ್ದರು. ಈಗ ಮಗಳ ಹೆಸರು ಮರೆತರೂ ಚೆಕಿಂಗ್ ಮರೆತಿಲ್ಲ.

"ಮಾಡ್ಲಿ ಬಿಡು," ಅಂದರು ಅಕ್ಕ. "ನಂಗೂ ಮಾಡಿದ್ದಾರೆ, ರಜಾ ದಿನ ಸಂಜೆ ಅಂಗಡಿಗೆ ಹೊರಟ್ರೆ. ಒಂದು ನಿಮಿಷದ ಕೆಲಸ. ಅವ್ರಿಗೂ ಸಮಾಧಾನ."

ನನ್ನ ಬಾಯಿಗೆ ಬೀಗ ಇಲ್ಲ. "ನೀವು ಮಗಳಕ್ಕ, ನಿಮಗೆ ಸಮಾಧಾನ. ನಾನು ದುಡಿಯೋಕೆ ಬಂದೋಳು, ಕಳ್ಳಿ ಅನ್ನಿಸ್ಕೊಳ್ಳೋಕಲ್ಲ," ಅಂದೆ. ಅವರು ಪರ್ಸು ತೆರೆದರು. ರೈಲು ತಪ್ಪಿದ್ದಕ್ಕೆ ಆಟೋ ಹಣ ಕೊಡಲು ಬಂದರು, ನಾನು ತೆಗೆದುಕೊಳ್ಳದೆ ಬಂದೆ. ದಾರಿಯುದ್ದಕ್ಕೂ ತೆಗೆದುಕೊಳ್ಳಬೇಕಿತ್ತು ಅನ್ನಿಸಿತು.

ನನ್ನ ಸಿಟ್ಟಿಗೆ ಇನ್ನೊಂದು ಕಾರಣ ಇತ್ತು, ಅದನ್ನು ಅಕ್ಕನಿಗೆ ಹೇಳಿರಲಿಲ್ಲ. ನಮ್ಮಪ್ಪ ಅದೇ ಗಣಿಯಲ್ಲಿ ಇಳಿದು ಕೆಲಸ ಮಾಡಿದವನು. ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದ. ಬಂದವನು ತಲೆಗೆ ನೀರು ಹಾಕಿಕೊಳ್ಳುವವರೆಗೂ ನನ್ನನ್ನು ಹತ್ತಿರ ಸೇರಿಸುತ್ತಿರಲಿಲ್ಲ. ದೂಳಿಗೆ ಅಂತ ನಾನು ತಿಳಿದಿದ್ದೆ. ಅವನು ಎದೆ ಕೆಟ್ಟು ಸತ್ತು ಎಷ್ಟೋ ವರ್ಷವಾಗಿದೆ. ಆ ರಾತ್ರಿ ಊಟಕ್ಕೆ ಕೂತಾಗ ಅಮ್ಮನಿಗೆ ತಾತನ ವಿಷಯ ಹೇಳಿದರೆ, ಅಮ್ಮ ತುತ್ತು ಅಲ್ಲೇ ಬಿಟ್ಟು, "ನಿಮ್ಮಪ್ಪನ ಬಾಯೊಳಗೂ ಬೆಳ್ಳು ಆಕೋರಂತೆ. ಅದ್ಕೇ ಬಂದೋನು ಬಾಯಿ ತೊಳ್ದು ತೊಳ್ದು ಉಗಿಯೋನು," ಅಂದಳು. ಇದೇ ಬೆರಳೋ, ಬೇರೆ ಯಾರದೋ, ಯಾರಿಗೆ ಗೊತ್ತು. ಆದರೆ ಮಾರನೆಯ ದಿನ ತಾತನ ಉಗುರು ಕತ್ತರಿಸಲು ಕೂತಾಗ ನಾನು ಆ ಬೆರಳುಗಳನ್ನೇ ನೋಡುತ್ತಿದ್ದೆ.

ಏಜೆನ್ಸಿಗೆ ಫೋನ್ ಮಾಡಿದೆ. ಗಮನ ಬೇರೆ ಕಡೆ ತಿರುಗಿಸಿ ಅಂದರು. ತಿರುಗಿಸಿದೆ. ಐದಕ್ಕೆ ಹತ್ತು ನಿಮಿಷ ಇರುವಾಗ ಬಾಳೆಹಣ್ಣು ಕೊಟ್ಟೆ. ತಾತ ಹಣ್ಣು ತಿಂದು ಸಿಪ್ಪೆಯನ್ನು ನನ್ನ ಕೈಗೆ ಕೊಟ್ಟು ಬಾಗಿಲಿಗೆ ಅಡ್ಡ ನಿಂತರು. ಬ್ಯಾಗನ್ನೇ ತರದೆ ಬರಿಗೈಯಲ್ಲಿ ಬಂದೆ; ಬರಿಗೈಯವಳ ಮೇಲೆ ಇನ್ನೂ ಹೆಚ್ಚು ಅನುಮಾನ, ಸೆರಗು ಕೊಡವಿಸಿದರು. ಒಂದು ದಿನ ಹಿತ್ತಲ ಬಾಗಿಲಿಂದ ಮೆಲ್ಲಗೆ ಜಾರಿಕೊಂಡೆ. ಅದು ಮಾತ್ರ ಮಾಡಬಾರದಿತ್ತು. ತಾತ ಕಿಟಕಿಯ ಸರಳು ಹಿಡಿದು, "ಪಿಡಿ, ಪಿಡಿ, ಕಳ್ಳಿ ಹೋಗ್ತಾವಳೆ," ಅಂತ ಬೀದಿಗೆಲ್ಲ ಕೇಳುವಂತೆ ಕೂಗಿದರು. ಪಿಡಿ ಅಂದರೆ ಹಿಡಿ. ಮನೆಗಳಿಂದ ಜನ ಹೊರಗೆ ಬಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ನಾನು ನಿಜವಾಗಿಯೂ ಸೆರಗಿನ ತುದಿ ಮುಟ್ಟಿ ನೋಡಿಕೊಂಡೆ. ಎದುರುಮನೆಯ ಮುದುಕಪ್ಪ, ಅವರೂ ಭೂಮಿಯೊಳಗೆ ದುಡಿದವರೇ, ತಾತನ ಕೂಗು ಕೇಳಿದ್ದೇ ಜಗಲಿಯಿಂದ ಎದ್ದು ನಿಂತು ಎರಡೂ ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿದ್ದರು. ಎತ್ತಿದ್ದು ಅರಿವಾಗಿ ಇಳಿಸಿಕೊಂಡರು. ನಾನು ನೋಡಿದೆ ಅಂತ ಅವರಿಗೆ ಗೊತ್ತಾಯಿತು. ಅವತ್ತಿನಿಂದ ಒಂದು ವಾರ ಅವರು ನನ್ನ ಮುಖ ನೋಡಿ ಮಾತಾಡಲಿಲ್ಲ.

ಹೀಗೆ ಒಂದೂವರೆ ತಿಂಗಳು. ಮಧ್ಯಾಹ್ನ ಮೂರಕ್ಕೇ ಗಡಿಯಾರ ನೋಡತೊಡಗುತ್ತಿದ್ದೆ. ತಟ್ಟೆ ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದೆ. ಒಂದೊಂದು ದಿನ ತುರುಬಿನವರೆಗೆ ಬಿಡುತ್ತಿದ್ದೆ, ಬಾಯಿಗೆ ಬಂದಾಗ ಮುಖ ತಿರುಗಿಸುತ್ತಿದ್ದೆ. ಆಮೇಲೆ ಎಳೆದಾಟ, ಆಮೇಲೆ ಅವರ ಬೈಗುಳ, ಆಮೇಲೆ ರೈಲಿನ ಹಿಂದೆ ಓಟ. ಕೆಲಸ ಬಿಡಬೇಕು ಅಂದುಕೊಳ್ಳುತ್ತಿದ್ದೆ. ಬಿಡಲಿಲ್ಲ. ಬಿಟ್ಟರೆ ಇನ್ನೊಂದು ಮನೆ ಸಿಗುವವರೆಗೆ ಅಮ್ಮನ ಮುಂದೆ ಕೈಕಟ್ಟಿ ಕೂರಬೇಕು, ಕೂರುವುದು ನನ್ನ ಜಾತಕದಲ್ಲೇ ಇಲ್ಲ.

ಆ ದಿನ ಬೆಳಿಗ್ಗೆಯಿಂದ ಏನೂ ನೆಟ್ಟಗಿರಲಿಲ್ಲ. ತಾತ ಎರಡು ಸಲ ಬಟ್ಟೆಯಲ್ಲೇ ಮಾಡಿಕೊಂಡಿದ್ದರು. ತೊಳೆಯಲು ಹೋದರೆ ಚೊಂಬು ಎಸೆದರು, ಅದು ನನ್ನ ಮೊಣಕಾಲಿಗೆ ಬಿತ್ತು. ಐದಕ್ಕೆ ಕುಂಟುತ್ತಾ ಬಾಗಿಲಿಗೆ ಬಂದೆ. ಅಡ್ಡ ನಿಂತರು. ಬ್ಯಾಗು ನೋಡಿದರು, ಡಬ್ಬಿ ಮೂಸಿದರು. ತುರುಬು ಬಿಚ್ಚಿದರು, ಹೇರ್‌ಪಿನ್ನು ಕೆಳಗೆ ಬಿತ್ತು. "ವಾಯ ತೊರ," ಅಂದರು. "ಬಿಡಿ ತಾತ, ರೈಲೋಗ್ತದೆ," ಅನ್ನಲು ಬಾಯಿ ತೆರೆದೆ. ತೆರೆದದ್ದೇ ಸಾಕಾಯಿತು ಅವರಿಗೆ. ಎರಡು ಬೆರಳು ನನ್ನ ಬಾಯೊಳಗೆ, ನಾಲಿಗೆಯ ಅಡಿಗೆ ಹೋದವು.

ನಾನು ಹೊಡೆದೆ. ಬಲಗೈಯಿಂದ, ಅವರ ಎಡಗೆನ್ನೆಗೆ, ನನಗಿದ್ದ ಶಕ್ತಿಯಲ್ಲಿ.

ಕೈ ತಪ್ಪಿತು, ತಳ್ಳುವಾಗ ತಾಗಿತು ಅಂತೆಲ್ಲ ಆಮೇಲೆ ನನಗೆ ನಾನೇ ಹೇಳಿಕೊಂಡದ್ದುಂಟು. ಅದು ಸುಳ್ಳು. ಹೊಡೆಯಬೇಕು ಅಂತಲೇ ಹೊಡೆದೆ. ಅವರ ತಲೆ ಒಂದು ಪಕ್ಕಕ್ಕೆ ಹೋಯಿತು. ಕೂಗಲಿಲ್ಲ, ಬೈಯಲಿಲ್ಲ. ಬಾಗಿಲಿಂದ ಸರಿದು, ಗೋಡೆ ಹಿಡಿದುಕೊಂಡು ದಾರಿ ಬಿಟ್ಟರು. ನಾನು ಹೊರಗೆ ಬಂದು ಚಿಲಕ ಹಾಕಿ ನಡೆದೆ. ಎದುರು ಜಗಲಿಯಲ್ಲಿ ಮುದುಕಪ್ಪ ಪೇಪರ್ ಓದುತ್ತಿದ್ದರು. ರೈಲು ಸಿಕ್ಕಿತು. ಬಂಗಾರಪೇಟೆಯಲ್ಲಿ ಇಳಿದದ್ದು ನೆನಪಿಲ್ಲ, ಬಸ್ಸಿನಲ್ಲಿ ಬಲ ಅಂಗೈಯನ್ನು ಕಿಟಕಿಯ ಕಂಬಿಗೆ ಒತ್ತಿ ಹಿಡಿದದ್ದು ನೆನಪಿದೆ.

ಮಾರನೆಯ ದಿನ ಹೆದರುತ್ತಲೇ ಹೋದೆ. ತಾತ ಕುರ್ಚಿಯಲ್ಲಿ ಕೂತು, "ಯಾರಮ್ಮಾ ನೀನು, ಯಾವೂರು?" ಅಂದರು. ಅವರಿಗೆ ಏನೂ ನೆನಪಿರಲಿಲ್ಲ. ದೇವರೇ, ಬದುಕಿದೆ ಅಂದುಕೊಂಡು ಮುಖ ಒರೆಸಲು ಒದ್ದೆ ಟವೆಲು ತಂದೆ. ನಾನು ಹತ್ತಿರ ಬಗ್ಗಿದೆ. ಅವರ ಎಡಗೈ ಮೇಲೆದ್ದು ಎಡಗೆನ್ನೆಯನ್ನು ಮುಚ್ಚಿಕೊಂಡಿತು.

ಅವರು ನನ್ನನ್ನು ನೋಡಿ ನಗುತ್ತಲೇ ಇದ್ದರು. ಕೈ ಮಾತ್ರ ತಾನಾಗಿ ಹೋಗಿತ್ತು. ತುತ್ತು ಇಟ್ಟರೆ ಕೈ ಕೆನ್ನೆಗೆ, ತಲೆ ಬಾಚಿದರೆ ಕೈ ಕೆನ್ನೆಗೆ, ಔಷಧಿ ಕೊಟ್ಟರೆ ಕೈ ಕೆನ್ನೆಗೆ. ಅಕ್ಕ ಹತ್ತಿರ ಹೋದರೂ ಹಾಗೇ ಮಾಡತೊಡಗಿದರು. ಅವರ ತಲೆಯಲ್ಲಿ ಎಲ್ಲವೂ ಅಳಿಸಿಹೋಗುತ್ತದೆ ಅನ್ನುವ ಧೈರ್ಯದಲ್ಲಿ ನಾನಿದ್ದೆ. ಆ ಕೆನ್ನೆಯ ಏಟು ಅಳಿಸಿಹೋಗಲಿಲ್ಲ.

ನಾಲ್ಕನೆಯ ದಿನ ಅಕ್ಕ ಕೇಳಿದರು. "ಅಪ್ಪ ಯಾಕೆ ಹಿಂಗೆ ಮುಖ ಮುಚ್ಕೊಳ್ತಾರೆ? ನಿನಗಿಂತ ಮುಂಚೆ ಕೆಲಸಕ್ಕಿದ್ದೋಳು ಏನಾದ್ರೂ ಹೊಡೀತಿದ್ಲೋ ಏನೋ."

"ಇರಬೋದಕ್ಕ," ಅಂದೆ.

ಅಷ್ಟೇ ಅಂದದ್ದು. ನನಗಿಂತ ಮುಂಚೆ ಇದ್ದ ಹೆಂಗಸನ್ನು ನಾನು ನೋಡಿಯೂ ಇರಲಿಲ್ಲ. ಅವಳು ಬಿಟ್ಟುಹೋದ ಒಂದು ಹಳೆಯ ಏಪ್ರನ್ ಅಡುಗೆಮನೆಯ ಬಾಗಿಲ ಹಿಂದೆ ನೇತಾಡುತ್ತಿತ್ತು. ಮಧ್ಯಾಹ್ನ ಅದನ್ನು ತೆಗೆದು ಮಡಿಸಿ ಕಣ್ಣಿಗೆ ಕಾಣದ ಕಡೆ ಇಟ್ಟೆ.

ಅಕ್ಕ ಅಪ್ಪನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಕಾರಣವಿಲ್ಲದೆ ಹೆದರುತ್ತಾರೆ ಅಂತ ಹೇಳಿದರಂತೆ. ಕಾಯಿಲೆ ಹೆಚ್ಚಾದರೆ ಹೀಗೂ ಆಗುತ್ತದೆ ಅಂತ ಡಾಕ್ಟರು ಹೊಸ ಮಾತ್ರೆ ಬರೆದುಕೊಟ್ಟರು, ದಿನಕ್ಕೆ ಮೂರು. ಕೊಡುವವಳು ನಾನೇ. ಎರಡು ದಿನದಲ್ಲಿ ತಾತನ ಕತ್ತು ಎದೆಯ ಮೇಲೆ ಬಿತ್ತು. ಬಾಯಿಂದ ಜೊಲ್ಲು, ಅರೆಗಣ್ಣು. ಯಾರಮ್ಮಾ ನೀನು ಅಂತ ಕೇಳುವುದೂ ನಿಂತಿತು. ಐದು ಗಂಟೆಯಾದರೆ ನಾನು ಬ್ಯಾಗು ತೆಗೆದುಕೊಂಡು ಅವರ ಮುಂದೆಯೇ ಹೋಗುತ್ತಿದ್ದೆ, ಅವರು ಏಳುತ್ತಿರಲಿಲ್ಲ. ಎಂಟು ದಿನ ನನಗೆ ರೈಲು ತಪ್ಪಲಿಲ್ಲ. ಕಿಟಕಿಯ ಪಕ್ಕದ ಸೀಟೂ ಸಿಗುತ್ತಿತ್ತು. ಆದರೆ ಕೂರಲು ಆಗುತ್ತಿರಲಿಲ್ಲ. ಮಾರಿಕುಪ್ಪಂನಿಂದ ಬಂಗಾರಪೇಟೆಯವರೆಗೂ ಬಾಗಿಲ ಹತ್ತಿರ ಕಂಬಿ ಹಿಡಿದು ನಿಂತೇ ಬರುತ್ತಿದ್ದೆ. ಬೇಡಿಕೊಂಡದ್ದು ಸಿಕ್ಕಿತ್ತಲ್ಲ, ಇನ್ನೇನು ಬೇಕಿತ್ತು ನನಗೆ?

ಒಂಬತ್ತನೆಯ ದಿನ ಅವರು ಕುರ್ಚಿಯಿಂದ ಜಾರಿ ಬಿದ್ದರು. ತುಟಿ ಒಡೆಯಿತು. ಅಕ್ಕ ಆ ಸಂಜೆ ತುಟಿಗೆ ಅರಿಶಿನ ಹಚ್ಚುತ್ತಾ, ನನ್ನ ಕಡೆ ನೋಡದೆ, "ಇನ್ ಮನೇಲಿ ಇಟ್ಕೊಳ್ಳೋಕೆ ಆಗಲ್ಲ ಅನ್ಸುತ್ತೆ. ಬೆಂಗಳೂರ್ ಹತ್ರ ಇಂಥವ್ರನ್ನ ನೋಡ್ಕೊಳ್ಳೋ ಒಂದು ಹೋಮ್ ಇದೆಯಂತೆ. ವಿಚಾರಿಸ್ತೀನಿ," ಅಂದರು.

ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದೆ. ಅಮ್ಮ ಬೈಯುತ್ತಾಳೆ ಅಂದುಕೊಂಡಿದ್ದೆ. "ಸಿಟ್ನಾಗೆ ಕೊಯ್ದ ಮೂಗು ಶಾಂತ ಆದ್ಮೇಲೆ ಬತ್ತದಾ?" ಅಂದಳು, ಅಷ್ಟೇ. ನಾನು ಎದ್ದು ನಿಂತೆ, ಕೂತೆ, ಮತ್ತೆ ಎದ್ದೆ. "ಕೂತ್ಕೊಳ್ಲೇ, ಕಾಲು ಸುಟ್ಟ ಬೆಕ್ಕಿನಂಗೆ ಆಡ್ಬೇಡ," ಅಂದು, ಅವಳಾಗಿಯೇ ಹೇಳಿದಳು. "ನಿಮ್ಮಪ್ಪ ಒಂದು ಮಾತು ಏಳ್ತಿದ್ದ. ಗೇಟತ್ರ ಬಂದ್ರೆ ಅವ್ರು ಕೇಳೋಕಿಂತ ಮುಂಚೇನೇ ಎಲ್ಡೂ ಕೈ ಎತ್ತಿ ಅಂಗೈ ತೋರಿಸ್ಬಿಡ್ಬೇಕು ಅಂತ. ಅಂಗೆ ನಿಂತೋರ ಮೇಲೆ ಅವ್ರ ಕೈ ಜೋರಾಗಿ ಬೀಳಲ್ವಂತೆ. ಇವ್ನು ಏನೂ ಬಚ್ಚಿಟ್ಟಿಲ್ಲ ಅಂತ ಅವ್ರಿಗೆ ಧೈರ್ಯ ಬರೋದಂತೆ."

"ಈಗದು ಯಾವ ಕೆಲ್ಸಕ್ಕೆ ಬರುತ್ತಮ್ಮ? ಆವಯ್ಯ ಕಣ್ಣೇ ಬಿಡ್ತಿಲ್ಲ," ಅಂದೆ.

"ಯಾರ್ ಅಂಗೆ ಮಾಡಿದ್ದು?" ಅಂದಳು ಅಮ್ಮ.

ಶನಿವಾರ ಶಾಲೆ ಅರ್ಧ ದಿನ. ಅಕ್ಕ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು, ನೆನೆಸಿದ ಅವರೆಕಾಳು ಹಿತುಕುತ್ತಿದ್ದರು. ನಾನೂ ಎದುರಿಗೆ ಕೂತು ನಾಲ್ಕು ಕಾಳು ಹಿತುಕಿದೆ. ಐದನೆಯದು ಬೆರಳಿಂದ ಜಾರಿ ಅವರ ಮಡಿಲಿಗೆ ಹೋಯಿತು.

"ಅಕ್ಕ, ಮುಂಚೆ ಇದ್ದೋಳಲ್ಲ. ನಾನೇ ಹೊಡ್ದಿದ್ದು," ಅಂದೆ. "ಬಾಯೊಳಕ್ಕೆ ಬೆಳ್ಳು ಹಾಕಿದ್ರು, ತಡೀಲಿಲ್ಲ. ಒಂದೇ ಏಟು. ಅವತ್ತಿಂದಾನೇ ಕೆನ್ನೆ ಮುಚ್ಕೊಳ್ತಿರೋದು. ಕಾಯಿಲೆ ಜಾಸ್ತಿ ಆಗಿಲ್ಲ ಅವ್ರಿಗೆ. ಆ ಮಾತ್ರೆ ನಿಲ್ಲಿಸ್ಬೋದಾ ಅಂತ ಡಾಕ್ಟರ್ ಹತ್ರ ಕೇಳಿ."

ಅವರು ಕಾಳು ಹಿತುಕುವುದನ್ನು ನಿಲ್ಲಿಸಲಿಲ್ಲ. ಐದಾರು ಕಾಳು ಬೋಗುಣಿಗೆ ಬಿದ್ದ ಸದ್ದು ಕೇಳಿಸಿತು. ಆಮೇಲೆ, "ಯಾವ ಕೆನ್ನೆ?" ಅಂದರು. ಅವರಿಗೆ ಗೊತ್ತಿತ್ತು, ದಿನಾ ನೋಡುತ್ತಿದ್ದರು. ಆದರೂ ನನ್ನ ಬಾಯಿಂದ ಹೇಳಿಸಿದರು.

"ಎಡಗೆನ್ನೆ."

ಎದ್ದು ಮುಂದಿನ ಕೋಣೆಗೆ ಹೋದರು. ತೂಕಡಿಸುತ್ತಿದ್ದ ಅಪ್ಪನ ಎಡಗೆನ್ನೆಯ ಮೇಲೆ ಅಂಗೈ ಇಟ್ಟುಕೊಂಡು ನಿಂತರು. ಎಷ್ಟು ಹೊತ್ತು ನಿಂತರೋ. ನಾನು ಸಿಪ್ಪೆಗಳನ್ನೆಲ್ಲ ಒಂದು ಕಡೆ ಗುಡ್ಡೆ ಮಾಡುತ್ತಾ ಕೂತಿದ್ದೆ. ವಾಪಸ್ಸು ಬಂದು, "ನಾಳೆಯಿಂದ ಬರಬೇಡ," ಅಂದರು. ನಾನು ನನ್ನ ಏಪ್ರನ್ ಬಿಚ್ಚಿ ಅದೇ ಬಾಗಿಲ ಹಿಂದಿನ ಮೊಳೆಗೆ ಹಾಕಿ ಬಂದೆ.

ಆರು ದಿನ ಮನೆಯಲ್ಲಿದ್ದೆ. ಏಜೆನ್ಸಿಗೆ ದೂರು ಹೋಗಿರುತ್ತದೆ, ಇನ್ನು ಯಾರೂ ಕರೆಯುವುದಿಲ್ಲ ಅಂತ ಗೊತ್ತಿತ್ತು. ಸಗಣಿ ಬಾಚಿದೆ, ಅಟ್ಟದ ಸಾಮಾನು ಇಳಿಸಿ ಗುಡಿಸಿದೆ, ಪಕ್ಕದ ಮನೆಯವರ ರಾಗಿಯನ್ನೂ ಕೇರಿಕೊಟ್ಟೆ. ಐದು ಗಂಟೆಯಾದರೆ ಅಂಗಳಕ್ಕೆ ಬಂದು ನಿಂತುಬಿಡುತ್ತಿದ್ದೆ. ತಾತನನ್ನು ಬೆಂಗಳೂರಿನ ಕಡೆ ಕಳಿಸಿಬಿಟ್ಟರೋ ಏನೋ. ಅಲ್ಲಿ ಸಂಜೆ ಯಾರ ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ, ಅಡ್ಡ ನಿಂತರೆ ಅಲ್ಲಿಯವರು ಏನು ಮಾಡುತ್ತಾರೆ. ಇದನ್ನೇ ಯೋಚಿಸಿ ಯೋಚಿಸಿ ತಲೆ ಕೆಟ್ಟಿತ್ತು.

ಏಳನೆಯ ದಿನ ಅಕ್ಕನ ಫೋನ್ ಬಂತು. ಹಲೋ ಕೂಡ ಅನ್ನಲಿಲ್ಲ. "ಡಾಕ್ಟರ್ ಮಾತ್ರೆ ನಿಲ್ಲಿಸಿದ್ದಾರೆ. ಅಪ್ಪ ಎದ್ದು ಓಡಾಡ್ತಿದ್ದಾರೆ. ಹೊಸಬಳು ಎರಡೇ ದಿನಕ್ಕೆ ಬಿಟ್ಟೋದ್ಲು, ನಾನು ರಜಾ ಹಾಕಿ ಕೂತಿದೀನಿ. ನೀನು ಬಾ. ನಿನ್ಮೇಲೆ ನಂಬಿಕೆ ಇದೆ ಅಂತ ಕರೀತಿಲ್ಲ. ನೀನಾಗೇ ಹೇಳ್ದೆಯಲ್ಲ, ಅದಕ್ಕೆ ಕರೀತಿದೀನಿ. ಮನೇಲಿ ಕ್ಯಾಮೆರಾ ಹಾಕಿಸಿದೀನಿ."

ಹೋದೆ. ಟಿ.ವಿ.ಯ ಮೇಲೆ ಲಿಂಬೆಹಣ್ಣಿನಷ್ಟು ದಪ್ಪದ ಬಿಳಿ ಕ್ಯಾಮೆರಾ. ನಾನು ಅತ್ತ ಹೋದರೆ ಅತ್ತ, ಇತ್ತ ಬಂದರೆ ಇತ್ತ ತಿರುಗುತ್ತಿತ್ತು. ಅಕ್ಕ ಶಾಲೆಯಲ್ಲೇ ಕೂತು ಫೋನಿನಲ್ಲಿ ನೋಡುತ್ತಾರಂತೆ. ಮೈಯೆಲ್ಲ ಮುಳ್ಳು ಎದ್ದಂತಾಯಿತು. ಆದರೆ ಕೇಳಲು ನನಗೆ ಬಾಯೆಲ್ಲಿತ್ತು? ಮಾಡಿದ್ದುಣ್ಣೋ ಮಹರಾಯ.

ತಾತ ಕುರ್ಚಿಯಲ್ಲಿದ್ದರು. "ಯಾರಮ್ಮಾ ನೀನು?" ಅಂದರು. ಆ ಮಾತು ಕೇಳಿ ನನಗೆ ಅಳು ಬಂತು, ಅತ್ತೆ. ಆಮೇಲೆ ಟವೆಲು ಹಿಡಿದು ಬಂದವಳು ಮೂರು ಹೆಜ್ಜೆ ದೂರದಲ್ಲೇ ನಿಂತೆ. ಟವೆಲನ್ನು ಹೆಗಲ ಮೇಲೆ ಹಾಕಿಕೊಂಡೆ. ಎರಡೂ ಕೈಯನ್ನು ಕಿವಿಯ ಮಟ್ಟಕ್ಕೆ ಎತ್ತಿ ಅಂಗೈ ಅವರ ಕಡೆ ತಿರುಗಿಸಿದೆ, ನಮ್ಮಪ್ಪ ನಿಲ್ಲುತ್ತಿದ್ದ ಹಾಗೆ. ಅವರ ಎಡಗೈ ಅರ್ಧ ಮೇಲೆದ್ದಿತ್ತು. ನನ್ನ ಅಂಗೈಗಳನ್ನು ಒಂದೊಂದಾಗಿ ನೋಡಿದರು. ಕೈ ನಿಧಾನವಾಗಿ ತೊಡೆಯ ಮೇಲೆ ಇಳಿಯಿತು. "ವಾ," ಅಂದರು, ಬಾ ಅಂತ.

ಅವತ್ತಿನಿಂದ ಅದೇ ನಮ್ಮ ನಡುವಿನ ರೂಢಿಯಾಯಿತು. ಮುದ್ದೆಯ ತಟ್ಟೆ ಇಡುವ ಮೊದಲು ಕೈ ಎತ್ತುತ್ತೇನೆ. ಬಾಚಣಿಗೆ ಹಿಡಿಯುವ ಮೊದಲು ಕೈ ಎತ್ತುತ್ತೇನೆ. ಅವರು ನೋಡಿ ಒಪ್ಪಿದರೆ ಮುಂದಕ್ಕೆ. ಸ್ನಾನದ ಮನೆಯಲ್ಲಿ ಒಂದು ದಿನ ನಾನು ಕೈ ಎತ್ತಿದ್ದನ್ನು ನೋಡಿ ಅವರೂ ಎತ್ತಿದರು. ಗೇಟಿನಿಂದ ಹೊರಡುವಾಗ ವಾಚ್‌ಮನ್‌ಗಳಿಗೂ ಚೆಕಿಂಗ್ ಇರುತ್ತಿತ್ತಂತೆ. ಎತ್ತಿದ ಕೈಯಿಂದ ಬನಿಯನ್ ಸುಲಭವಾಗಿ ಬಂತು. ಜಗಳವಿಲ್ಲದೆ ಬಿಸಿನೀರು ಹುಯ್ದದ್ದು ಅದೇ ಮೊದಲು. ಚೊಂಬು ಎಸೆಯುವುದು ಪೂರ್ತಿ ನಿಂತಿತು ಅಂತಲ್ಲ, ಕಡಿಮೆಯಾಯಿತು.

ಸಂಜೆಯ ಚೆಕಿಂಗೂ ಮತ್ತೆ ಶುರುವಾಯಿತು. ಈಗ ನಾನೇ ನಾಲ್ಕೂಮುಕ್ಕಾಲಿಗೆ ಬ್ಯಾಗಿನ ಜಿಪ್ಪು ತೆಗೆದು, ಡಬ್ಬಿಯ ಮುಚ್ಚಳ ಬಿಚ್ಚಿ, ಚಪ್ಪಲಿ ಕೈಯಲ್ಲಿ ಹಿಡಿದು ಬಾಗಿಲ ಹತ್ತಿರ ಹೋಗಿ ಕೈ ಎತ್ತುತ್ತೇನೆ. ಅವರು ಬಂದು ಹೆಗಲು ಮುಟ್ಟುತ್ತಾರೆ, ತುರುಬಿನ ಮೇಲೆ ಎರಡು ಬೆರಳು ತಟ್ಟುತ್ತಾರೆ. ಬಾಯಿ ನಾನೇ ಒಮ್ಮೆ ತೆರೆದು ಮುಚ್ಚುತ್ತೇನೆ. ಆ ಹೊತ್ತಿಗೆ ಈಗಲೂ ನನ್ನ ಹಲ್ಲು ಕಟಕಟ ಅನ್ನುತ್ತದೆ, ಸುಳ್ಳು ಯಾಕೆ ಹೇಳಲಿ. ಬೆರಳು ಬಾಯಿಯ ತನಕ ಬಂದಿಲ್ಲ. "ಒಣ್ಣುಮಿಲ್ಲ, ಪೋ," ಅನ್ನುತ್ತಾರೆ. ಏನೂ ಇಲ್ಲ, ಹೋಗು ಅಂತ. ಈ ಮಾತನ್ನು ಮೊದಲು ನಾನು ಕೇಳಿಯೇ ಇರಲಿಲ್ಲ, ಯಾಕೆಂದರೆ ಅಲ್ಲಿಯವರೆಗೆ ಎಂದೂ ಪೂರ್ತಿ ನಿಂತಿರಲಿಲ್ಲ. ಒಂದು ನಿಮಿಷದ ಕೆಲಸ ಅಂತ ಅಕ್ಕ ಅಂದದ್ದು ನಿಜವೇ. ಟಿ.ವಿ.ಯ ಮೇಲಿನ ಕ್ಯಾಮೆರಾ ಮಾತ್ರ ಬೆಳಿಗ್ಗೆಯಿಂದ ಸಂಜೆವರೆಗೆ ನೋಡುತ್ತದೆ, ಒಂದು ದಿನವೂ ಹೋಗು ಅಂದಿಲ್ಲ.

ಕಳೆದ ವಾರ ಅಮ್ಮನಿಗೆ ಜ್ವರ. ಬೆಳಿಗ್ಗೆಯಿಂದ ಫೋನಿನ ಮೇಲೆ ಫೋನು. ನಾಲ್ಕೂವರೆಗೆ ತಾತನಿಗೆ ಸ್ವೆಟರ್ ಹಾಕಬೇಕಿತ್ತು. ನನ್ನ ತಲೆಯೆಲ್ಲ ರೈಲಿನಲ್ಲಿ. ಸ್ವೆಟರ್ ಹಿಡಿದು ಸರಸರ ಬಂದು ಅವರ ಮೇಲೆ ಬಗ್ಗಿದೆ, ಕೈ ತೋರಿಸುವುದನ್ನು ಮರೆತು.

ಅವರ ಎಡಗೈ ಕೆನ್ನೆಗೆ ಹೋಯಿತು. ಮೊದಲ ದಿನ ಹೋದಷ್ಟೇ ಬೇಗ.

ಇಷ್ಟು ತಿಂಗಳಾದ ಮೇಲೂ. ನಾನು ಸ್ವೆಟರನ್ನು ಕುರ್ಚಿಯ ಮೇಲೆ ಇಟ್ಟೆ. ಬಾಗಿಲವರೆಗೆ ಹಿಂದಕ್ಕೆ ಹೋದೆ. ಅಲ್ಲಿಂದ ಎರಡೂ ಕೈ ಎತ್ತಿ, ಅಂಗೈ ತೋರಿಸುತ್ತಾ, ಒಂದೊಂದೇ ಹೆಜ್ಜೆ ಬಂದೆ. ರೈಲು ಹೋಗುವುದಾದರೆ ಹೋಗಲಿ. ತಾತ ಎದ್ದು ನಿಂತರು. ಇನ್ನೂ ಐದಾಗಿರಲಿಲ್ಲ, ಆದರೆ ಕೈ ಎತ್ತಿದವಳನ್ನು ಕಂಡು ಅವರಿಗೆ ಪಾಳಿ ಮುಗಿಯಿತು ಅನ್ನಿಸಿರಬೇಕು. ಮುಂದೆ ಬಂದು ನನ್ನ ಬಲಗೈಯನ್ನು ಹಿಡಿದುಕೊಂಡರು. ಅಂಗೈ ನೋಡಿದರು, ಮಗುಚಿ ಹಿಂಗೈ ನೋಡಿದರು, ಮತ್ತೆ ಅಂಗೈ ನೋಡಿದರು. ಹೆಬ್ಬೆರಳಿನಿಂದ ಮಧ್ಯದಲ್ಲಿ ಒಮ್ಮೆ ಉಜ್ಜಿದರು.

"ಒಣ್ಣುಮಿಲ್ಲ, ಪೋ," ಅಂದರು.

ಅವರ ಇನ್ನೊಂದು ಕೈ ಆಗಲೂ ಕೆನ್ನೆಯ ಮೇಲೇ ಇತ್ತು.